ಅರ್ಧ ಗಂಟೆಯ ಕೊಸರು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಒಬ್ಬ ಹುಡುಗಿಯ ಮೆಡಿಕಲ್ ಕಾಲೇಜಿನ ಅರ್ಜಿಯಲ್ಲಿ ನಾನೂ ಒಂದು ಸಾಲು. ಡಾಕ್ಟರಾಗಿ ಅಲ್ಲ, ಮೇಷ್ಟ್ರಾಗಿಯೂ ಅಲ್ಲ, ರೋಗಿಯಾಗಿ. ಮೂವತ್ತು ವರ್ಷ ಡೆಟ್ರಾಯಿಟಿನ ಸುತ್ತಮುತ್ತ ಕಾರುಗಳಿಗೆ ಬ್ರೇಕು ವಿನ್ಯಾಸ ಮಾಡಿದರೂ ಯಾರ ಅರ್ಜಿಗೂ ಬೇಕಾಗದಿದ್ದ ನಾನು, ಹೃದಯ ಸ್ವಲ್ಪ ಸುಸ್ತಾದ ಮೇಲೆ ಉಪಯೋಗಕ್ಕೆ ಬಂದೆ.

ನಾವು ಓದುವ ಕಾಲಕ್ಕೆ ಮಾರ್ಕ್ಸು ಬಂದರೆ ಮೆಡಿಕಲ್ ಸೀಟು, ಬಾರದಿದ್ದರೆ ನನ್ನ ಹಾಗೆ ಎಂಜಿನಿಯರಿಂಗು. ಇಲ್ಲಿ ಅಷ್ಟು ಸುಲಭವಿಲ್ಲ. ಕಾಯಿಲೆಯವರ ಜೊತೆ ಕೂತಿದ್ದೆ, ಅವರ ಮಾತು ಕೇಳಿದ್ದೆ ಎಂದು ಗಂಟೆಗಳ ಲೆಕ್ಕದಲ್ಲಿ ತೋರಿಸಬೇಕು. ನಾನು ಹೇಳಿದ ಹುಡುಗಿ, ಅಫ್ರೀನ್, ಹೋದ ವರ್ಷ ಅರ್ಜಿ ಹಾಕಿದ್ದಳು. ಮಾರ್ಕ್ಸು ಬೇಕಾದಷ್ಟಿತ್ತು, ಆದರೂ ಒಂದು ಕಾಲೇಜೂ ಕರೆಯಲಿಲ್ಲ. ಪುಸ್ತಕ ಬಿಟ್ಟು ಹೊರಗೆ ಬಂದು ರೋಗಿಗಳನ್ನು ನೋಡು ಎಂದು ಸಲಹೆಗಾರರು ಹೇಳಿದರಂತೆ. ಹಾಗೆ ಅವಳು ನೋಡಬೇಕಾದ ರೋಗಿ ಡೆಟ್ರಾಯಿಟ್ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡಿನ ಈ ಮನೆಯಲ್ಲಿದ್ದ.

ಆಸ್ಪತ್ರೆಯಿಂದ ಮನೆಗೆ ಬಂದ ವಯಸ್ಸಾದವರನ್ನು ಸ್ವಯಂಸೇವಕರು ವಾರಕ್ಕೊಮ್ಮೆ ನೋಡಿಕೊಂಡು ಹೋಗುವ ಒಂದು ಏರ್ಪಾಡು ಇದೆ. ಭಾಷೆ ನೋಡಿ ಜೋಡಿ ಮಾಡುತ್ತಾರೆ. ಅಫ್ರೀನಳ ತಂದೆ ತಾಯಿ ದಾವಣಗೆರೆಯವರು, ಅವಳು ಎಂಟನೇ ವಯಸ್ಸಿಗೆ ಇಲ್ಲಿಗೆ ಬಂದವಳು. ಜನವರಿಯ ಮೊದಲ ಶನಿವಾರ, ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ಇದ್ದಾಗ, ಬಾಗಿಲಲ್ಲಿ ನಿಂತು ಬೂಟಿನ ಹಿಮ ಕೊಡವುತ್ತಾ, "ನಮಸ್ಕಾರ ಅಂಕಲ್, ನಾನು ನಿಮ್ಮ ವಾಲಂಟಿಯರ್" ಎಂದಳು. ನನ್ನ ಹೆಂಡತಿ ಸುಧಾ ತೀರಿಕೊಂಡ ಮೇಲಿನ ಎರಡು ವರ್ಷದಲ್ಲಿ ನನ್ನ ಮನೆಯ ಬಾಗಿಲಲ್ಲಿ ಯಾರೂ ಕನ್ನಡದಲ್ಲಿ ತಮ್ಮ ಪರಿಚಯ ಹೇಳಿಕೊಂಡಿರಲಿಲ್ಲ. ನಮಗೆ ಮಕ್ಕಳಿಲ್ಲ.

ಎರಡು ಗಂಟೆಗೆ ಬರುವುದು, ನಾಲ್ಕಕ್ಕೆ ಹೊರಡುವುದು. ತೂಕ, ಬಿಪಿ, ಮಾತ್ರೆಯ ಡಬ್ಬಿ, ಕಾಲು ಊದಿದೆಯೇ ಎಂಬ ವಿಚಾರಣೆ, ಉಳಿದ ಹೊತ್ತು ಮಾತು. ಉಪ್ಪಿನಕಾಯಿ ಬಾಟಲಿಯ ಹಿಂದಿನ ಚೀಟಿಯನ್ನು ಅವಳು ಗಟ್ಟಿಯಾಗಿ ಓದುವಾಗ ನಾನು ಕಿಟಕಿಯ ಕಡೆ ನೋಡುತ್ತಿದ್ದೆ. "ಅಂಕಲ್, ಇಲ್ಲಿ ನೋಡ್ರಿ, ಒಂದ್ ಸ್ಪೂನ್‌ನಾಗೆ ಎಷ್ಟ್ ಸೋಡಿಯಂ ಐತಿ!" ಬೈಯುವಾಗ ಮಾತ್ರ ಅವಳ ದಾವಣಗೆರೆ ಪೂರ್ತಿ ಹೊರಬರುತ್ತಿತ್ತು. ಬೈಸಿಕೊಳ್ಳುವುದು ನನಗೆ ಇಷ್ಟವಾಗತೊಡಗಿತು.

ಬಂದ ಹೊತ್ತು, ಹೋದ ಹೊತ್ತು ಅವಳು ಫೋನಿನಲ್ಲಿ ದಾಖಲಿಸುತ್ತಿದ್ದಳು. ನನ್ನ ಬಳಿಯೂ ಒಂದು ಹಾಳೆ ಇತ್ತು. ಅವಳು ಹೋದ ಮೇಲೆ ತುಂಬಿ, ಸಹಿ ಮಾಡಿ, ತಿಂಗಳಿಗೊಮ್ಮೆ ಆಸ್ಪತ್ರೆಗೆ ಅಂಚೆಯಲ್ಲಿ ಕಳಿಸುವುದು. ತಪ್ಪು ನಡೆದದ್ದು ಅಲ್ಲಿ. ಮೊದಲ ದಿನವೇ ಹೋದ ಹೊತ್ತಿನ ಎದುರು 'ನಾಲ್ಕೂವರೆ' ಎಂದು ಬರೆದೆ. ಪಾಪ, ಅಷ್ಟು ದೂರದಿಂದ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬರುತ್ತದೆ ಹುಡುಗಿ, ಒಂದರ್ಧ ಗಂಟೆ ಕೊಸರು ಇರಲಿ ಅಂದುಕೊಂಡೆ.

ಕೊಸರು ನಮ್ಮವರ ರಕ್ತದಲ್ಲೇ ಇದೆ. ಮೈಸೂರಿನ ಮಾರುಕಟ್ಟೆಯಲ್ಲಿ ಒಂದು ಕಿಲೋ ಹುರುಳಿಕಾಯಿ ತೂಗಿಸಿದ ಮೇಲೂ ಅಮ್ಮ ಕದಲುತ್ತಿರಲಿಲ್ಲ. ಮಾರುವವಳು ಗೊಣಗುತ್ತಾ ಇನ್ನೊಂದು ಹಿಡಿ ಚೀಲಕ್ಕೆ ಹಾಕಬೇಕು. ಹೂವಿನವಳು ಮೊಳ ಅಳೆದ ಮೇಲೆ ಎರಡು ಬೆರಳು ಬಿಟ್ಟು ಕತ್ತರಿಸಬೇಕು. ಒಮ್ಮೆ ನಾನೇ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ತುಂಬಿಕೊಂಡಾಗ ಅಮ್ಮ ಕೈಗೆ ಫಟ್ಟನೆ ಹೊಡೆದಿದ್ದಳು. "ನಾವಾಗೇ ತಗೊಂಡ್ರೆ ಅದು ಕೊಸರಲ್ಲ ಕಣೋ. ಅವಳ ಕೈಯಿಂದ ಬರ್ಬೇಕು." ಇಲ್ಲಿಯ ಅಂಗಡಿಯಲ್ಲಿ ನಾವೇ ಬಿಲ್ಲು ಮಾಡಿಕೊಳ್ಳುವ ಯಂತ್ರದ ಮೇಲೆ ಒಂದು ಮೆಣಸಿನಕಾಯಿ ಹೆಚ್ಚಿಗೆ ಬಿದ್ದರೂ ಅದು ಊರಿಗೆಲ್ಲ ಕೇಳುವಂತೆ ಕೂಗಿಕೊಳ್ಳುತ್ತದೆ. ಇಂಥ ದೇಶದಲ್ಲಿ ಕೊಸರಿನ ಸಂಪ್ರದಾಯ ಉಳಿಸುತ್ತಿದ್ದೇನೆಂದು ನನಗೆ ಒಳಗೊಳಗೇ ಹೆಮ್ಮೆ.

ಏಪ್ರಿಲಿನಲ್ಲಿ ಆಸ್ಪತ್ರೆಯ ಸ್ವಯಂಸೇವಕರ ಸಂಯೋಜಕಿ ಫೋನ್ ಮಾಡಿದರು. ಅಫ್ರೀನಳ ಅರ್ಜಿಗೆ ತಾವು ಶಿಫಾರಸು ಪತ್ರ ಬರೆಯಬೇಕಾಗಿದೆ, ಆದರೆ ಹದಿನಾಲ್ಕು ಭೇಟಿಗೆ ಅವಳ ಲೆಕ್ಕ ಇಪ್ಪತ್ತೆಂಟು ಗಂಟೆ, ನನ್ನ ಸಹಿಯ ಲೆಕ್ಕ ಮೂವತ್ತೈದು. ಎರಡೂ ತಾಳೆಯಾಗದೆ ಪತ್ರ ಹೊರಡುವುದಿಲ್ಲ. ಅವಳ ಎರಡನೇ ಪ್ರಯತ್ನ ಇದು, ಅದರ ಕುತ್ತಿಗೆಯನ್ನು ನಾನೇ ಅಮುಕುತ್ತಿದ್ದೆ. ತೊದಲುತ್ತಾ ಇಂಗ್ಲಿಷಿನಲ್ಲಿ ಕೊಸರನ್ನು ವಿವರಿಸಿದೆ. ಹುರುಳಿಕಾಯಿಯನ್ನೂ ಹೇಳಿದೆ. ಆ ಕಡೆಯಿಂದ ಬಂದ ಉತ್ತರ: "ದಟ್ಸ್ ವೆರಿ ಸ್ವೀಟ್, ಸರ್. ಬಟ್ ಐ ನೀಡ್ ದಿ ಆಕ್ಚುವಲ್ ಟೈಮ್ಸ್."

ಶನಿವಾರ ಅಫ್ರೀನ್ ಬಂದಾಗ ಬೂಟು ಬಿಚ್ಚುವ ಮೊದಲೇ ಕೇಳಿದಳು. "ಯಾಕ್ ಹಂಗ್ ಬರೆದ್ರಿ ಅಂಕಲ್? ನಾನೇ ಸುಳ್ಳು ಬರೆಸೀನಿ ಅಂತ ಆಸ್ಪತ್ರೆಯವ್ರು ಅಂದ್ಕೊಂಡಿದ್ರೆ? ಮತ್ತ್ ಎಲ್ಲಾ ಕಡೆ ರಿಜೆಕ್ಟ್ ಆಗ್ತಿದ್ದೆ." ಕಣ್ಣಲ್ಲಿ ನೀರಿತ್ತು.

ನಿನಗೆ ಒಳ್ಳೆಯದಾಗಲಿ ಅಂತ ಬರೆದೆ ಎನ್ನಲು ಬಾಯಿ ತೆರೆದೆ. ಅದು ಪೂರ್ತಿ ನಿಜವಾಗಿರಲಿಲ್ಲ. ನಾಲ್ಕು ಗಂಟೆಗೆ ಅವಳ ಕಾರು ನಮ್ಮ ಬೀದಿಯ ತಿರುವು ದಾಟಿದ ಮೇಲೆ ಈ ಮನೆ ಇನ್ನು ಮುಂದಿನ ಶನಿವಾರದವರೆಗೆ ಸುಮ್ಮನಿರುತ್ತದೆ. ತೊಳೆಯಲು ಎರಡು ಲೋಟ ಇರುತ್ತವೆ, ತೊಳೆದರೆ ಅದೂ ಮುಗಿಯಿತು. ಆಗ ಹಾಳೆಯ ಮುಂದೆ ಕೂತು 'ನಾಲ್ಕೂವರೆ' ಎಂದು ಬರೆದರೆ, ಕಾಗದದ ಮೇಲಾದರೂ ಅರ್ಧ ಗಂಟೆ ಹೆಚ್ಚಿಗೆ ನನ್ನ ಮನೆಯಲ್ಲಿ ಯಾರೋ ಕೂತಿರುತ್ತಿದ್ದರು. ಇದನ್ನೇ ಅವಳಿಗೆ ಹೇಳಿದೆ.

"ನಂಗ್ ಒಬ್ನೇ ಇದ್ದು ಸಾಕಾಗಿದೆ ಕಣಮ್ಮ. ಅದಕ್ಕೇ ಹಂಗೆ ಬರೆದೆ."

ಅವಳು ತೂಕ ನೋಡಿದಳು, ಬಿಪಿ ನೋಡಿದಳು. ಸಂಯೋಜಕಿ ತಿರುಗಿ ಕಳಿಸಿದ್ದ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಹದಿನಾಲ್ಕು 'ನಾಲ್ಕೂವರೆ'ಗಳನ್ನೂ ಹೊಡೆದುಹಾಕಿಸಿ ಪಕ್ಕದಲ್ಲಿ ನನ್ನಿಂದ ಸಹಿ ಹಾಕಿಸಿದಳು. ಇನ್ನು ಮೇಲೆ ಹಾಳೆಯನ್ನು ಅವಳ ಎದುರಿಗೇ ತುಂಬಬೇಕು, ಅವಳೇ ಒಯ್ಯುತ್ತಾಳೆ ಎಂದು ಆಸ್ಪತ್ರೆಯ ಹೊಸ ಅಪ್ಪಣೆ. ಬ್ರೇಕು ವಿನ್ಯಾಸ ಮಾಡಿದವನಿಗೆ ಕೊನೆಗೂ ಒಂದು ಬ್ರೇಕು ಬಿತ್ತು.

ಪತ್ರ ಹೊರಟಿತು. ಮೇ ಕೊನೆಗೆ ಅರ್ಜಿಯ ಕೆಲಸವೆಲ್ಲ ಮುಗಿದು, ಅವಳ ಕೊನೆಯ ಶನಿವಾರ ಬಂತು. ಸೀಟು ಸಿಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ನನಗಂತೂ ಅವಳಿಗಿಂತ ಹೆಚ್ಚು ದಿಗಿಲು. ಸರಿಯಾಗಿ ನಾಲ್ಕಕ್ಕೆ ಹಾಳೆ ಮುಂದಿಟ್ಟಳು. ನಾನು 'ನಾಲ್ಕು' ಎಂದು ಬರೆದೆ, ಸಹಿ ಮಾಡಿದೆ. ಅವಳು ಮಡಚಿ ಚೀಲದೊಳಗಿಟ್ಟು ಜಿಪ್ ಎಳೆದಳು, ಕತ್ತಿನ ವಾಲಂಟಿಯರ್ ಬ್ಯಾಡ್ಜು ತೆಗೆದು ಚೀಲದ ಪಕ್ಕದ ಜೇಬಿಗೆ ತುರುಕಿದಳು. ನಾನು ಬೀಳ್ಕೊಡಲೆಂದು ಮಂಡಿ ಹಿಡಿದು ಎದ್ದೆ.

ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. "ಅಂಕಲ್, ಚಾ ಮಾಡ್ತೀರೇನು?" ಎಂದಳು.

ಮಾಡಿದೆ. ಹಾಲು ಸ್ವಲ್ಪ ಹೆಚ್ಚಾಯಿತು. ಅದೇನು ಮಾತಾಡಿದೆವೋ ನೆನಪಿಲ್ಲ. ಗಡಿಯಾರ ನಾಲ್ಕೂವರೆ ದಾಟಿದ್ದನ್ನು ಮಾತ್ರ ನೋಡಿದೆ. ಪೆನ್ನು ಮೇಜಿನ ಮೇಲೇ ಇತ್ತು, ಮುಟ್ಟಲಿಲ್ಲ. ಅಮ್ಮ ಇದ್ದಿದ್ದರೆ ಈ ಸಲ ನನ್ನ ಕೈಗೆ ಹೊಡೆಯುತ್ತಿರಲಿಲ್ಲ.