ಕಲಾಯಿ ಹೋದ ಬೋಗುಣಿ

೧೯೬೧ರಲ್ಲಿ ನಾನು ಸಿಂದಗಿಯಲ್ಲಿ ಸ್ಯಾನಿಟರಿ ಇನ್‌ಸ್ಪೆಕ್ಟರ್ ಆಗಿದ್ದೆ. ಹೋಟೆಲು, ಖಾನಾವಳಿಗಳನ್ನು ನೋಡಿ ಯಾವುದು ನಡೆಯಬೇಕು, ಯಾವುದಕ್ಕೆ ಬೀಗ ಬೀಳಬೇಕು ಎಂದು ಹೇಳುವುದು ನನ್ನ ಕೆಲಸ. ಊರಿಗೆ ಹೊಸಬ. ಅಂಗಡಿಕಾರರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ, ನನಗೂ ಅವರ ಪುಕ್ಕಟೆ ಚಹಾ ಸೇರುತ್ತಿರಲಿಲ್ಲ.

ಬಸ್ ನಿಲ್ದಾಣದ ಹಿಂದೆ ಗಂಗವ್ವ ಎಂಬಾಕೆಯ ಖಾನಾವಳಿ. ಅಷ್ಟು ಸ್ವಚ್ಛವಾದದ್ದು ಊರಲ್ಲಿ ಇನ್ನೊಂದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಅದನ್ನು ನೋಡಲು ಹೋಗಬೇಕಿದ್ದ ಸೋಮವಾರವೇ ಅಲ್ಲಿ ಉಂಡವರೆಲ್ಲ ವಾಂತಿ ಮಾಡುತ್ತ ಆಸ್ಪತ್ರೆ ಸೇರಿದರು. ಗಿರಾಕಿಗಳು ಬೇಗ ಚೇತರಿಸಿಕೊಂಡರು. ಗಂಗವ್ವನ ಒಬ್ಬಳೇ ಮಗಳು ಶಾಂತವ್ವ ಮಾತ್ರ ಕಣ್ಣು ಬಿಡಲಿಲ್ಲ.

"ಹೊಟ್ಟಿಗಿ ಏನ್ ಹೋಗೇತಿ ಗೊತ್ತಾಗದ ನಾ ಏನ್ ಔಷಧ ಕೊಡ್ಲಿ? ಲಗೂನ ಹುಡುಕ್ರಿ," ಎಂದರು ಡಾಕ್ಟರು.

ಖಾನಾವಳಿಯ ಮುಂದೆ ಜನ ಸೇರಿ, ಯಾರೋ ಹೊಟ್ಟೆಕಿಚ್ಚಿಗೆ ವಿಷ ಹಾಕಿದ್ದಾರೆ ಎಂದು ಗದ್ದಲ ಎಬ್ಬಿಸಿದ್ದರು. ನಾನು ನೀರು ನೋಡಿದೆ, ಎಣ್ಣೆ ಮೂಸಿದೆ, ಹಿಟ್ಟು ಜರಡಿ ಹಿಡಿದೆ. ಏನೂ ಸಿಗಲಿಲ್ಲ. ಅಲ್ಲಿ ಹುಡುಗಿ ಸಾಯುತ್ತಿದ್ದಾಳೆ, ಇಲ್ಲಿ ನಾನು ಬರಿಗೈಯಲ್ಲಿ ನಿಂತಿದ್ದೇನೆ. ದಿಕ್ಕು ತೋಚದೆ ಓಣಿಗೆ ಬಂದೆ. ಪಕ್ಕದಲ್ಲೇ ಅಲ್ಯೂಮಿನಿಯಂ ಪಾತ್ರೆಗಳ ಹೊಸ ಅಂಗಡಿ. ಜನ ಅವನ್ನು 'ಜರ್ಮನ್' ಎನ್ನುತ್ತಿದ್ದರು. ಅದರ ಗೋಡೆಯ ಮೇಲೆ ಹಳೆಯ ಕುಲುಮೆಯ ಮಸಿ ಇನ್ನೂ ಇತ್ತು.

"ಇಲ್ಲಿ ಮೊದಲು ಯಾರಿದ್ದರು?" ಎಂದು ಅಂಗಡಿಯವನನ್ನು ಕೇಳಿದೆ.

"ಕಲಾಯಿ ಹಾಕೋ ಹುಸೇನಸಾಬ್ರಿ. ಎಲ್ಲಾರೂ ಜರ್ಮನ್ ತಗೊಂಡ್ರು, ಕಲಾಯಿ ಯಾರ್ ಹಾಕಸ್ತಾರ್ರಿ? ಸೊಲ್ಲಾಪುರದ ಗಿರಣಿಗಿ ಹೋದ್ರು."

ಹಿತ್ತಾಳೆ ಪಾತ್ರೆಯ ಒಳಮೈಗೆ ಬಳಿಯುವ ತವರದ ಲೇಪವೇ ಕಲಾಯಿ. ಅದು ಸವೆದರೆ ಹುಳಿ ಪದಾರ್ಥ ಹಿತ್ತಾಳೆಯೊಂದಿಗೆ ಕೂಡಿ ವಿಷವಾಗುತ್ತದೆ. ಅಂದು ಮಾಡಿದ್ದು ಪುಂಡಿಪಲ್ಯ, ಹುಳಿಯೆಂದರೆ ಹುಳಿ. ಖಾನಾವಳಿಯೊಳಗೆ ಓಡಿ, ಪಲ್ಯ ಮಾಡಿದ್ದ ಹಿತ್ತಾಳೆಯ ಬೋಗುಣಿ ಎತ್ತಿದೆ. ಕಲಾಯಿಯ ಬಿಳುಪು ಎಲ್ಲೂ ಇರಲಿಲ್ಲ. ತಳದಲ್ಲಿ ಹಸಿರು ಕಿಲುಬು ಅಂಟಿತ್ತು. ಖಾನಾವಳಿಯ ಹೆಂಗಸರು ಉಣ್ಣುವುದು ಗಿರಾಕಿಗಳೆಲ್ಲ ಎದ್ದ ಮೇಲೆ. ಗಂಗವ್ವನಿಗೆ ಸೋಮವಾರದ ಉಪವಾಸ. ತಳದ ಪಲ್ಯವೆಲ್ಲ ಶಾಂತವ್ವನ ಪಾಲಿಗೆ ಬಂದಿತ್ತು.

ಬೋಗುಣಿ ಹಿಡಿದೇ ಆಸ್ಪತ್ರೆಗೆ ಓಡಿದೆ. ಡಾಕ್ಟರು ಹೊಟ್ಟೆ ತೊಳೆದರು, ತಮಗೆ ತಿಳಿದದ್ದೆಲ್ಲ ಮಾಡಿದರು. ದೀಪ ಹಚ್ಚುವ ಹೊತ್ತಿಗೆ ಹುಡುಗಿಯ ಉಸಿರು ನಿಂತಿತು.

ಗಂಗವ್ವ ಅಳಲಿಲ್ಲ. ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಕಲಾಯಿ ಒಂದಿಷ್ಟು ಉಳದಿತ್ರಿ. ಸಾಹೇಬ್ರು ನೋಡಾಕ ಬರ್ತಾರಂತ ನಿಮ್ಮ ಜವಾನ ಹೇಳಿ ಹೋಗಿದ್ದ. ಕರ್ರಗ ಕಾಣಬಾರದಂತ ಮುಂಜಾನಿ ಬೂದಿ ಹಚ್ಚಿ ನಾನ ತಿಕ್ಕಿ ತಗದ್ನಿರಿ."

ಮುಂದೆ ಇಂಡಿ, ಮುದ್ದೇಬಿಹಾಳಗಳಲ್ಲೂ ಇದೇ ಕೆಲಸ ಮಾಡಿದೆ. ಓಣಿಯಲ್ಲಿ ಯಾರು ಅಂಗಡಿ ಮುಚ್ಚಿ ಹೋದರೆಂದು ಮೊದಲು ಕೇಳಿ, ಆಮೇಲೆ ಹೊಸ್ತಿಲು ದಾಟುತ್ತಿದ್ದೆ. ನಾನು ಬರುತ್ತೇನೆಂದು ಮಾತ್ರ ಯಾರಿಗೂ ಹೇಳಿ ಕಳಿಸಲಿಲ್ಲ.