ಕಾಂತರಾಜ್ ಬರೆದ ಕಣ್ಣು

ಹಂಪಾಪುರದ ಕಾಂತರಾಜ್ ತಮ್ಮ ಫೋಟೊ ಸ್ಟುಡಿಯೊ ಮುಚ್ಚಿ ಬಹಳ ವರ್ಷಗಳಾದವು. ಈಗಲೂ ಯಾರಾದರೂ ಕಪ್ಪು-ಬಿಳುಪು ಫಿಲಂ ರೋಲು ತಂದರೆ ಮನೆಯ ಬಚ್ಚಲಲ್ಲೇ ತೊಳೆದುಕೊಡುತ್ತಾರೆ.

ಸುತ್ತಲ ಊರುಗಳಲ್ಲಿ ಅವರು ಹೆಸರಾದದ್ದು ಮಾತ್ರ ಬೇರೆ ಕೆಲಸಕ್ಕೆ. ಆಗೆಲ್ಲ ಸತ್ತವರಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿ, ಪಕ್ಕದಲ್ಲಿ ಮನೆಯವರು ಕೂತು ಫೋಟೊ ತೆಗೆಸುತ್ತಿದ್ದರು. ಮುಚ್ಚಿದ ಕಣ್ಣಿನ ಫೋಟೊ ಗೋಡೆಗೆ ಹಾಕಲು ಯಾರಿಗೂ ಮನಸ್ಸು ಬಾರದು. ಕಾಂತರಾಜ್ ಸಣ್ಣ ಕುಂಚದಲ್ಲಿ ಅದರ ಮೇಲೆ ತೆರೆದ ಕಣ್ಣು ಬರೆಯುತ್ತಿದ್ದರು.

ಹೋದ ತಿಂಗಳು ರಾವಂದೂರಿನಿಂದ ರೂಪಶ್ರೀ ಬಂದರು. ತಾಯಿ ತೀರಿಕೊಂಡಾಗ ಅವರಿಗೆ ಮೂರು ವರ್ಷ. ಮದುವೆಯ ಆಲ್ಬಮ್ಮನ್ನು ಗೆದ್ದಲು ತಿಂದಿತ್ತು. ತಾಯಿಯದೆಂದು ಉಳಿದಿದ್ದು ಕಾಂತರಾಜ್ ಕಣ್ಣು ಬರೆದ ಫೋಟೊ ಒಂದೇ. ಈಗ ಅಪ್ಪನ ಹಳೆಯ ಕ್ಯಾಮೆರಾದೊಳಗೆ ತೊಳೆಯದ ರೋಲೊಂದು ಸಿಕ್ಕಿತ್ತು.

“ಫೋಟೊ ನೋಡ್ದೋರೆಲ್ಲ ನಂಗೆ ಅವ್ವನ ಕಣ್ಣೇ ಬಂದದೆ ಅಂತಾರೆ ಸಾರ್. ನಿಜವಾದ ಕಣ್ಣು ಒಂದ್ಸಲ ನೋಡ್ಬೇಕು.”

ಕಾಂತರಾಜ್ ರೋಲನ್ನು ಕೈಯಲ್ಲಿ ತಿರುಗಿಸಿ ನೋಡಿದರು. “ಹಳೇ ಫಿಲಮ್ಮು. ತೊಳೆಯೋದು ಒಂದೇ ಸಲ ಕಣವ್ವ. ಕೆಟ್ರೆ ಕೆಟ್ಟಂಗೇಯ,” ಎಂದರು.

“ಇವ್ರಿಗೆ ಬಚ್ಚಲು ಬುಟ್ಕೊಟ್ಟು ನಾವು ಮೈಗೆ ನೀರು ಕಾಣ್ದೆ ಕೂತಿರ್ಬೇಕು,” ಹೆಂಡತಿ ಶಾಂಭವಿ ಒಳಗಿನಿಂದ ಗೊಣಗಿದರು.

ಕಾಂತರಾಜ್ ಬಚ್ಚಲ ಬಾಗಿಲ ಸಂದಿಗೆ ಕಂಬಳಿ ತುರುಕಿ, ಕತ್ತಲಲ್ಲಿ ಕೈಯ ಅಂದಾಜಿನಲ್ಲೇ ಫಿಲಂ ಸುತ್ತಿ ಡಬ್ಬಿಗೆ ಹಾಕಿದರು. ಮಡಕೆಯ ನೀರಿನಲ್ಲಿಟ್ಟು ತಣಿಸಿದ, ಚಿತ್ರ ಮೂಡಿಸುವ ಡೆವಲಪರ್ ಸುರಿದು ಮೆಲ್ಲಗೆ ಅಲ್ಲಾಡಿಸಿದರು. ಆಮೇಲೆ ಮೂಡಿದ ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೊ ದ್ರಾವಣ. ತೊಳೆದು, ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಸಿಕ್ಕಿಸಿ ನೇತುಬಿಟ್ಟರು. ಉದ್ದಕ್ಕೂ ಬರೀ ಮಬ್ಬು. ಕೊನೆಯಲ್ಲಿ ಒಂದೇ ಒಂದು ಚಿತ್ರ ಉಳಿದಿತ್ತು.

“ಅದ್ರಲ್ಲಿ ಅವ್ವ ಅವ್ರಾ?” ರೂಪಶ್ರೀ ಕೇಳಿದರು.

“ಅವ್ರೆ. ನಗ್ತಾವ್ರೆ.”

“ಕಣ್ಣು?”

ಕಾಂತರಾಜ್ ಫಿಲಮ್ಮನ್ನು ಬೆಳಕಿಗೆ ಹಿಡಿದು ಅವರಿಗೆ ತೋರಿಸಿದರು.

ರೂಪಶ್ರೀ ಮೊಬೈಲಿನಲ್ಲಿ ಅದರ ಫೋಟೊ ತೆಗೆದು, ನೆಗೆಟಿವ್‌ನ ಕಪ್ಪು-ಬಿಳುಪು ಅದಲುಬದಲು ಮಾಡಿ ನೋಡಿದರು. ಹಿತ್ತಿಲ ಕಲ್ಲಿನ ಮೇಲೆ ಕೂತ ಹೆಂಗಸು, ತೊಡೆಯ ಮೇಲೆ ಮಗು. ಎದುರು ಬಿಸಿಲಿಗೋ ನಗುವಿಗೋ, ಅವ್ವನ ಕಣ್ಣು ಮುಚ್ಚಿದ್ದವು.

“ಹಂಗಾರೆ ಗೋಡೆ ಮ್ಯಾಲಿರೋ ಫೋಟೊದ ಕಣ್ಣು? ಅವ್ವನ ಕಣ್ಣು ಹಿಂಗಿದ್ವು ಅಂತ ಯಾರ್ನ ಕೇಳಿ ಬರೆದ್ರಿ?”

“ಕೇಳೋಕೆ ಅವತ್ತು ಯಾರೂ ಮಾತಾಡೋ ಸ್ಥಿತೀಲಿರ್ಲಿಲ್ಲ. ನಿಮ್ಮವ್ವನ್ನ ನಾನು ಮೊದ್ಲು ಕಂಡೇ ಇರ್ಲಿಲ್ಲ. ಪಕ್ಕದಲ್ಲಿ ನೀನು ಕೂತಿದ್ದೆ. ನಿನ್ನ ಕಣ್ಣೇ ನೋಡ್ಕಂಡು ಬರೆದೆ.”

ಫಿಲಮ್ಮಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಇದ್ನೇ ದೊಡ್ಡದಾಗಿ ಪ್ರಿಂಟು ಹಾಕ್ಕೊಡಿ,” ರೂಪಶ್ರೀ ಹೇಳಿದರು. “ಕಣ್ಣು ಮುಟ್ಬೇಡಿ.”