ಒಂದು ದಿನ ತಡೆದವಳು

ನನ್ನ ತಂಗಿ ನಿಕೊಲಾಸಾ ಸೂಲಗಿತ್ತಿ. ನಲವತ್ತೊಂದು ವರ್ಷ ಈ ಬೆಟ್ಟದ ಮನೆಮನೆಯ ಕೂಸನ್ನು ಇಳಿಸಿಕೊಂಡ ಕೈ ಅವಳದು. ಅವಳ ಬಗ್ಗೆ ಯಾರಾದರೂ ಒಂದು ಕೆಟ್ಟ ಮಾತಾಡಿದ್ದರೆ ಅವರ ಮುಖಕ್ಕೆ ಬಿಸಿ ಗಂಜಿ ಎರಚಿಬಿಡುತ್ತಿದ್ದೆ. ಸಂತೆಯಲ್ಲಿ ಜೋಳದ ಗಂಜಿ ಮಾರುವವಳು ನಾನು, ಗಂಜಿಗೇನೂ ಬರವಿಲ್ಲ. ಈಗ ಆ ಕೆಟ್ಟ ಮಾತನ್ನು ನಾನೇ ಆಡಬೇಕಾಗಿ ಬಂದಿದೆ.

ನಾವು ಕಿಚೆ ಜನ. ಗ್ವಾಟೆಮಾಲಾದ ಈ ಎತ್ತರದಲ್ಲಿ ಬಸಿರನ್ನು ಬರೀ ತಿಂಗಳಲ್ಲಿ ಎಣಿಸುವುದಿಲ್ಲ, ಒಂದೊಂದು ದಿನವನ್ನೂ ಎಣಿಸುತ್ತೇವೆ. ದಿನಗಳಿಗೆ ಇಪ್ಪತ್ತು ಹೆಸರು, ಹದಿಮೂರು ಅಂಕಿ, ದಿನಕ್ಕೊಂದು ಹೆಸರು, ಒಂದು ಅಂಕಿ. ಏಳು ನಾಯಿ, ಎಂಟು ನೂಲು, ಒಂಬತ್ತು ದಾರಿ ಅಂತ ನಡೆದುಕೊಂಡು ಹೋಗಿ, ಇನ್ನೂರ ಅರವತ್ತು ದಿನಕ್ಕೆ ಸುತ್ತು ಮುಗಿದು ಮತ್ತೆ ಮೊದಲಿನ ದಿನವೇ ಬರುತ್ತದೆ. ಹೆಂಗಸು ಬಸುರಾದ ದಿನ ಯಾವುದೋ, ಹೆರುವ ದಿನವೂ ಅದೇ. ಒಂದೆರಡು ದಿನ ಆಚೀಚೆ ಆದೀತು, ಅಷ್ಟೇ. ಈ ದಿನ ಎಣಿಸುವ ವಿದ್ಯೆ ಕಲಿಯುವವರಿಗೂ ಲೆಕ್ಕ ಇಷ್ಟೇ. ಇನ್ನೂರ ಅರವತ್ತು ದಿನ ಆ ವಿದ್ಯೆಯನ್ನು ಒಳಗೇ ಹೊತ್ತು ತಿರುಗಬೇಕು, ಬಾಯಿ ಬಿಡಬಾರದು. ಎಂಟು ನೂಲಿನ ದಿನ ಬೆಟ್ಟದ ಮೇಲೆ ಪಟಾಕಿ ಹಾರಿಸಿ, ಅವರು ಹುಟ್ಟಿದರು ಅಂತ ಊರಿಗೆ ಸಾರುತ್ತಾರೆ.

ಕ್ಷೌರದ ಫ್ಲೊರೆನ್ಸಿಯೊ ಹಾಗೆ ಕಲಿಯುತ್ತಿದ್ದ. ಮೊದಲೇ ಡೊಳ್ಳುಹೊಟ್ಟೆಯವನು. ಸಂತೆಯ ಹೆಂಗಸರು ಬಿಡುತ್ತಾರೆಯೇ? "ಎಷ್ಟನೇ ತಿಂಗಳಪ್ಪಾ? ಹುಳಿ ತಿನ್ಬೇಕು ಅನ್ಸುತ್ತಾ?" ಅಂತ ಗೋಳುಹೊಯ್ದುಕೊಳ್ಳುತ್ತಿದ್ದರು. ಮೂರನೇ ತಿಂಗಳಿಗೇ ಅವನಿಗೆ ಎಲ್ಲ ಬಂದುಬಿಟ್ಟಿತು ಅನ್ನಿಸಿ, ಬೇರೆಯವರಿಗೆ ದಿನ ನೋಡಿ ಹೇಳಲೇ ಅಂತ, ದಿನದ ಲೆಕ್ಕ ಬಲ್ಲ ನಿಕೊಲಾಸಾಳನ್ನು ಕೇಳಿದ.

"ಮೂರು ತಿಂಗಳಿಗೆ ಹೊರಗೆ ಬೀಳೋದು ಮಗು ಅಲ್ಲ ಕಣಪ್ಪಾ, ರಕ್ತ," ಎಂದಳು ಅವಳು. "ಮಾತೂ ಹಾಗೇ. ಸುಮ್ನೆ ಹೊತ್ಕೊಂಡಿರು. ಎಳೀಬೇಡ, ತಳ್ಳಬೇಡ."

ಇಂಥವಳು ನನ್ನ ತಂಗಿ. ಹೆರುವ ಹೆಂಗಸರಿಗೂ ಇದನ್ನೇ ಹೇಳುತ್ತಿದ್ದಳು. ಮಗು ತನ್ನ ದಿನವನ್ನು ತಾನೇ ಆರಿಸಿಕೊಂಡು ಬರುತ್ತದೆ, ನಮ್ಮ ಕೆಲಸ ಕೈ ಚಾಚಿಕೊಂಡು ಕಾಯುವುದು, ಅಷ್ಟೇ ಎನ್ನುತ್ತಿದ್ದಳು.

ಅವಳ ಎದೆಯಲ್ಲಿ ಒಂದೇ ಕೊರಗು. ತನ್ನ ವಿದ್ಯೆಗೆ ವಾರಸುದಾರರಿಲ್ಲ. ಇರುವವನು ಒಬ್ಬನೇ ಮಗ, ಬಾಲ್ತಸಾರ್. ಕಂಬಳಿ ಮಾರಲು ಕರಾವಳಿಗೆ ಹೋದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ನಮ್ಮಲ್ಲಿ ಸೂಲಗಿತ್ತಿತನ ಹೇಳಿಕೊಟ್ಟರೆ ಬರುವುದಿಲ್ಲ, ಹುಟ್ಟಿದ ದಿನದಿಂದ ಬರಬೇಕು. ಎಲ್ಲಕ್ಕಿಂತ ದೊಡ್ಡ ದಿನ ಎಂಟು ನೂಲು. ಸೊಸೆ ಮಿಕಾಯೆಲಾ ಬಸುರಾದಾಗ ನಿಕೊಲಾಸಾ ಲೆಕ್ಕ ಹಾಕಿದಳು. ಏಳು ನಾಯಿ ಬಂತು. ಅದರ ಮಾರನೆಯ ದಿನವೇ ಎಂಟು ನೂಲು.

"ಒಂದೇ ಒಂದು ದಿನ ಕಣೇ ಅಕ್ಕಾ!" ಅಂತ ನಕ್ಕಳು. ನಾನೂ ನಕ್ಕೆ. ಆ ನಗುವಿನಲ್ಲೇ ಅವಳ ತಲೆಯೊಳಗೊಂದು ಬಸಿರು ಕಟ್ಟಿತು ಅಂತ ನನಗೆ ಹೊಳೆಯಲಿಲ್ಲ.

ಅಲ್ಲಿಂದ ಎರಡೂ ಜೊತೆಜೊತೆಯಾಗಿ ಬೆಳೆದವು, ಸೊಸೆಯ ಹೊಟ್ಟೆಯಲ್ಲಿ ಮಗು, ಅತ್ತೆಯ ತಲೆಯಲ್ಲಿ ಆ ಯೋಚನೆ. ಮೂರನೇ ತಿಂಗಳಲ್ಲಿ, "ನಾಯಿ ದಿನ ಹುಟ್ಟಿದವರು ಮನೇಲಿ ನಿಲ್ಲಲ್ಲ ಅಲ್ವೇನೇ?" ಅಂತ ಕೇಳಿದಳು. "ನಮ್ಮಪ್ಪ ನಾಯಿ ದಿನದೋನೇ. ಕುಡೀತಿದ್ದ, ಅಲೀತಿದ್ದ. ನಾವೇನು ಸತ್ವಾ?" ಎಂದೆ. ಆರನೇ ತಿಂಗಳಲ್ಲಿ ಫ್ಲೊರೆನ್ಸಿಯೊನ ಹತ್ತಿರ, "ನೀನು ಹುಟ್ಟೋ ದಿನಾನೇ ನನ್ನ ಮೊಮ್ಮಗಳೂ ಹುಟ್ತಾಳೆ," ಎಂದುಬಿಟ್ಟಳು. ಮೊಮ್ಮಗಳು ಅಂತ ಯಾರು ಹೇಳಿದ್ದರು? ಆ ದಿನ ಅಂತ ಯಾರು ಹೇಳಿದ್ದರು? ಎಂಟನೇ ತಿಂಗಳಲ್ಲಿ ಮಾತೇ ನಿಂತಿತು. ಕೇಳಿದರೆ ಹ್ಞೂಂ ಇಲ್ಲ, ಉಹ್ಞೂಂ ಇಲ್ಲ. ಒಳಗೆ ಅದು ಒದೆಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ನೋಡಿಯೂ ಏನೋ ವಯಸ್ಸಾಯಿತು ಬಿಡು ಅಂದುಕೊಂಡೆ.

ಏಳು ನಾಯಿ ದಿನ, ಬೆಳಗಿನ ರೊಟ್ಟಿಯ ಹೊತ್ತಿಗೇ ನೋವು ಶುರುವಾಯಿತು ಅಂತ ಸುದ್ದಿ ಬಂತು. ಗಂಜಿ ಮಾರುವುದನ್ನು ಬಿಟ್ಟು ಓಡಿದೆ. ಅಂಗಳದ ಬೆವರುಮನೆಯನ್ನು ಕಾಯಿಸಿರಲಿಲ್ಲ, ಕಲ್ಲು ತಣ್ಣಗಿತ್ತು. ಹೆರಿಗೆಗೆ ಮೊದಲು ಹೆಂಗಸನ್ನು ಆ ಬಿಸಿಯಲ್ಲಿ ಕೂರಿಸಿ ಮೈ ಸಡಿಲ ಮಾಡದ ಮನೆಯೇ ನಮ್ಮಲ್ಲಿಲ್ಲ. ಒಳಗೆ ಹೋದರೆ ಮಿಕಾಯೆಲಾ ಚಾಪೆಯ ಮೇಲೆ ಮಗ್ಗುಲಾಗಿ ಮಲಗಿದ್ದಳು. ಅವಳ ಎರಡೂ ಕಾಲುಗಳನ್ನು ಸೇರಿಸಿ, ಪಾದದಿಂದ ಮಂಡಿಯವರೆಗೆ ಕೆಂಪು ನಡುಪಟ್ಟಿಯಿಂದ ಸುತ್ತಿ ಬಿಗಿದಿತ್ತು.

"ದೊಡ್ಡತ್ತೇ, ಬರ್ತಾ ಇದೆ," ಎಂದಳು ಹುಡುಗಿ. "ಅತ್ತೆ ತಡ್ಕೋ ತಡ್ಕೋ ಅಂತಾರೆ. ಆಗ್ತಿಲ್ಲ ನನ್ಕೈಲಿ."

"ಏನೇ ಇದು ನಿಕೊಲಾಸಾ? ಬುದ್ಧಿ ಗಿದ್ಧಿ ಕೆಟ್ಟಿದೆಯಾ? ಬಿಚ್ಚೇ ಮೊದ್ಲು!"

"ಕೂಗ್ಬೇಡ. ನಾಳೆ ಸೂರ್ಯ ಹುಟ್ಟೋವರೆಗೆ ಅಷ್ಟೇ. ಚೊಚ್ಚಲ ಹೆರಿಗೆ ಹೇಗಿದ್ರೂ ಒಂದು ದಿನ ತಗೊಳ್ಳುತ್ತೆ."

"ಕೆಳಗಿನ ಆಸ್ಪತ್ರೆಗಾದ್ರೂ ಕರ್ಕೊಂಡ್ಹೋಗೋಣ."

"ನಾನು ನೋಡದ ಹೆರಿಗೆಯಾ ಅಕ್ಕಾ? ನೀನು ಎಷ್ಟು ಹೆರಿಗೆ ಮಾಡಿಸಿದ್ದೀಯ, ಹೇಳು?"

ನಾನು ಒಂದನ್ನೂ ಮಾಡಿಸಿಲ್ಲ. ನನ್ನ ಐದೂ ಮಕ್ಕಳನ್ನು ಇಳಿಸಿಕೊಂಡವಳು ಅವಳೇ. ಸಂತೆಗೆ ಸಂತೆಯೇ ನನ್ನ ನಾಲಗೆಗೆ ಹೆದರುತ್ತದೆ, ಅವತ್ತು ಆ ನಾಲಗೆಗೆ ಅದೇನು ರೋಗ ಬಡಿದಿತ್ತೋ! "ನೀನು ಮನೆಗೆ ಹೋಗು, ಅವಳಿಗೆ ಭಯ ಹುಟ್ಟಿಸ್ಬೇಡ," ಎಂದಳು. ಹೋದೆ. ಬೆನ್ನ ಹಿಂದೆ ಮಿಕಾಯೆಲಾ ನನ್ನನ್ನು ಕರೆದಳು. ಕೇಳಿಸಿತು. ಕೇಳಿಸಿಯೂ ಹೋದೆ.

ಬೆಳಿಗ್ಗೆ ಬೆಟ್ಟದ ಮೇಲೆ ಪಟಾಕಿ ಸಿಡಿಯಿತು. ಎಂಟು ನೂಲು. ಊರಿಗೆ ಊರೇ ಧೂಪ ಹಿಡಿದುಕೊಂಡು ಮೇಲಕ್ಕೆ ಹತ್ತುತ್ತಿದ್ದರೆ ನಾನೊಬ್ಬಳೇ ಎದುರಿಗೆ ಇಳಿದುಕೊಂಡು ಓಡಿದೆ.

ಹೆಣ್ಣುಮಗು. ತಲೆ ತುಂಬ ಕೂದಲು, ಮೈಕೈ ತುಂಬಿಕೊಂಡು ಎಷ್ಟು ಚೆಂದ ಇತ್ತು ಗೊತ್ತಾ! ಬಣ್ಣ ಮಾತ್ರ ಬೂದಿ ಮೆತ್ತಿದ ನೀಲಿ. ನಿಕೊಲಾಸಾ ಅದನ್ನು ಬಿಸಿನೀರಿನಲ್ಲಿ ತೊಳೆಯುತ್ತಿದ್ದಳು. ತೊಳೆದು, ಒರೆಸಿ, ಮತ್ತೆ ತೊಳೆಯುತ್ತಿದ್ದಳು. "ಎಂಟು ನೂಲು, ಎಂಟು ನೂಲು," ಎನ್ನುತ್ತಿದ್ದಳು. ಕಪಾಳಕ್ಕೆ ಬಾರಿಸಿದೆ. ಕೆನ್ನೆ ಕೂಡ ಮುಟ್ಟಿಕೊಳ್ಳಲಿಲ್ಲ.

ಮಿಕಾಯೆಲಾ ಅಳುತ್ತಿರಲಿಲ್ಲ. "ನಿನ್ನೇನೇ ಬಂದಿದ್ಲು ದೊಡ್ಡತ್ತೆ," ಎಂದಳು. "ನಿನ್ನೆ ಬದುಕಿದ್ಲು."

ಅಷ್ಟರಲ್ಲಿ ಹೊಸ ಬಟ್ಟೆ ತೊಟ್ಟ ಫ್ಲೊರೆನ್ಸಿಯೊ ಮೇಣದ ಬತ್ತಿ ಹಿಡಿದು ಬಾಗಿಲಿಗೆ ಬಂದ. "ನಾನು ಹುಟ್ಟಾಯ್ತು! ನಿಮ್ಮ ಮೊಮ್ಮಗಳು?" ಅಂತ ನಗುತ್ತಾ ಕೇಳಿದ. ನಾವು ಮೂವರೂ ಅವನ ಮುಖ ನೋಡಿದೆವು. ಪಾಪ, ಅವನು ಬತ್ತಿಯನ್ನು ಹೊಸ್ತಿಲ ಮೇಲಿಟ್ಟು ಹಿಂದಕ್ಕೆ ಸರಿದ.

ಕರುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು ಅಂತ ಊರಿಗೆ ಹೇಳಿದವಳು ಮಿಕಾಯೆಲಾನೇ. ಕರಾವಳಿಯಿಂದ ಬಂದ ಗಂಡನಿಗೂ ಅದನ್ನೇ ಹೇಳಿದಳು. ಏಕೆ ಅಂತ ನಾನು ಕೇಳಿಲ್ಲ. ಅತ್ತೆಯ ಮರ್ಯಾದೆ ಉಳಿಸಿದಳೋ, ತನ್ನ ಸಂಸಾರ ಉಳಿಸಿಕೊಂಡಳೋ ಯಾರಿಗೆ ಗೊತ್ತು. ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ನಿಕೊಲಾಸಾ ಹೆರಿಗೆಗೆ ಹೋಗುವುದನ್ನು ಬಿಟ್ಟಳು. ಮೊಮ್ಮಗಳು ಹೋದ ದುಃಖ ಅಂತ ಜನ ಮರುಗಿದರು.

ಈಗ ಎರಡು ವರ್ಷವಾಯಿತು. ಮಿಕಾಯೆಲಾ ಮತ್ತೆ ಬಸುರಿ. ಬಸುರಾದ ದಿನ ಇಂಥದ್ದು ಅಂತ ಅತ್ತೆಗೊಂದು ಹೇಳಿದ್ದಾಳೆ, ನನಗೆ ಬೇರೊಂದು. ನನಗೆ ಹೇಳಿದ್ದೇ ನಿಜ. ದಿನ ಹತ್ತಿರವಾದಾಗ ಏನೋ ನೆಪ ಹೇಳಿ ಅವಳನ್ನು ಕೆಳಗಿನ ಆಸ್ಪತ್ರೆಗೆ ಸೇರಿಸುವುದು ಅಂತ ನಾವಿಬ್ಬರೇ ಮಾತಾಡಿಕೊಂಡಿದ್ದೇವೆ. ಲೆಕ್ಕ ನಾನೂ ಹಾಕಿ ನೋಡಿದ್ದೇನೆ. ಈ ಸಲವೂ ದೊಡ್ಡ ದಿನವೊಂದು ಪಕ್ಕದಲ್ಲೇ ಕೂತಿದೆ.

ಹೋದ ತಿಂಗಳು ನಿಕೊಲಾಸಾ ಸಂತೆಗೆ ಬಂದು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. "ಅವಳು ನಂಗೆ ಹೇಳಿದ ದಿನ ಸುಳ್ಳು," ಎಂದಳು. "ಹೊಟ್ಟೆ ಮುಟ್ಟೋಕೆ ಬಿಡಲ್ಲ. ಆದ್ರೂ ನಡಿಗೆ ನೋಡಿದ್ರೆ ತಿಳಿಯುತ್ತಲ್ಲ. ನಿಂಗೆ ನಿಜ ಹೇಳಿದ್ದಾಳೆ, ಅಲ್ವಾ?"

"ಹೌದು," ಎಂದೆ.

"ನಂಗೆ ಹೇಳ್ಬೇಡ ಅಕ್ಕಾ. ನಾನು ಬಂದು ಕೇಳ್ತೀನಿ. ಕಾಲಿಗೆ ಬಿದ್ದು ಕೇಳ್ತೀನಿ. ಆಗ್ಲೂ ಹೇಳ್ಬೇಡ."

ಅವಳ ಕೈ ಹಿಡಿದುಕೊಂಡು ಸಂತೆಯ ನಡುವೆಯೇ ಅತ್ತುಬಿಟ್ಟೆ. ಸದ್ಯ, ಅವಳ ತಲೆಯಿಂದ ಆ ಪೀಡೆ ಇಳಿಯಿತಲ್ಲ ಅಂತ ಅತ್ತೆ.

ನಿನ್ನೆ ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಬಂದಳು. ತಲೆ ಬಾಚಿಕೊಂಡಿದ್ದಳು, ಒಳ್ಳೆಯ ರವಿಕೆ ತೊಟ್ಟಿದ್ದಳು. ಬಗ್ಗಿ ನನ್ನ ಎರಡೂ ಕಾಲು ಹಿಡಿದುಕೊಂಡಳು.

"ಯಾವ ದಿನ ಹೇಳೇ ಅಕ್ಕಾ," ಎಂದಳು. "ಬರೀ ದಿನ. ನಾನೇನೂ ಮಾಡಲ್ಲ."